ಹತ್ತು ಕಾಳು, ನೂರು ಖಾನಾ

3 ಸೆಪ್ಟೆಂಬರ್ 2024, ಮಂಗಳವಾರ

ಸ್ಲೈಡ್ ನಂಬರ್ 212ರಲ್ಲಿ ಮಲೇರಿಯಾ ಇದೆ. ಮಧ್ಯಾಹ್ನ ಮೂರೂವರೆಗೆ ಜಿಲ್ಲಾ ಪ್ರಯೋಗಾಲಯದ ತಸ್ಲೀಮ್ ಫೋನ್ ಮಾಡಿ ತಿಳಿಸಿದಳು. ವಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾವು ಓದಿ 'ಇಲ್ಲ' ಎಂದು ಬರೆದ ರಕ್ತದ ಸ್ಲೈಡುಗಳಲ್ಲಿ ಕೆಲವನ್ನು ಪ್ರತಿ ತಿಂಗಳು ಅಲ್ಲಿಗೆ ಕಳಿಸುತ್ತೇವೆ, ಅವರು ಮತ್ತೊಮ್ಮೆ ನೋಡುತ್ತಾರೆ. ಮೂವತ್ತೈದು ವರ್ಷದಲ್ಲಿ ನನ್ನ 'ಇಲ್ಲ' ಒಮ್ಮೆಯೂ 'ಇದೆ' ಆಗಿ ತಿರುಗಿ ಬಂದಿರಲಿಲ್ಲ.

"ಸರ್, ಸ್ಲೈಡಿನಾಗ ಹದಿನಾಲ್ಕ್ ರೋಗಾಣು ಸಿಕ್ಕಾವ್ರಿ. ವೈವ್ಯಾಕ್ಸ್ ಜಾತಿ ಮಲೇರಿಯಾ. ನಾ ಎರಡ್ ಸಲ ನೋಡೀನಿ."

"ನಂಬರ್ ಅದಲುಬದಲು ಆಗ್ಯಾದೇನು ನೋಡವಾ."

"ಸ್ಲೈಡಿನ ಮ್ಯಾಗ ನಿಮ್ಮ ಅಕ್ಷರನೇ ಅದರಿ."

ರಿಜಿಸ್ಟರ್ ತೆಗೆದೆ. 212: ಸುಶ್ಮಿತಾ, 22 ವರ್ಷ, ಐದು ತಿಂಗಳ ಬಸುರಿ, ವಾಡಿಯಲ್ಲಿ ಬಾಡಿಗೆ ಮನೆ. ಗಂಡ ಪ್ರಬುದ್ಧ ನೆಲಕ್ಕೆ ಶಹಾಬಾದ್ ಕಲ್ಲು ಹಾಸುವ ಕೆಲಸದವನು. ಮೂರು ತಿಂಗಳು ಇಬ್ಬರೂ ಮಹಾರಾಷ್ಟ್ರದ ಕಾಡಂಚಿನ ಊರೊಂದರಲ್ಲಿದ್ದು ಜುಲೈ ಕೊನೆಗೆ ಮರಳಿದ್ದರು. ಜ್ವರ ಎಂದು ಬಂದಾಗ ಆಗಸ್ಟ್ 16ಕ್ಕೆ ರಕ್ತ ತೆಗೆದೆ. ಕಿಟ್ ಪರೀಕ್ಷೆ 'ಇಲ್ಲ' ಎಂದಿತು. ರೋಗಾಣು ಕಡಿಮೆ ಇದ್ದರೆ ಕಿಟ್ ತಪ್ಪುವುದುಂಟು. ಅದಕ್ಕಾಗಿಯೇ ಮೈಕ್ರೋಸ್ಕೋಪಿನ ಮುಂದೆ ಒಬ್ಬ ಮನುಷ್ಯನನ್ನು ಕೂರಿಸಿರುವುದು. ನಾನೂ 'ಇಲ್ಲ' ಎಂದು ಬರೆದು ಚೀಟಿ ಕೊಟ್ಟೆ. ಹದಿನೆಂಟು ದಿನ ಆಯಿತು.

ಡಾಕ್ಟರ್ ಸಂಗಮೇಶ್ವರ ಬೈಯಲಿಲ್ಲ. "ಮೊದ್ಲ ಆಕಿ ಎಲ್ಲಿದ್ದಾಳ ಹುಡುಕ್ರಿ ಧರ್ಮಣ್ಣ. ಬಸುರಿ ಹೆಣ್ಣಮಗಳು, ರಕ್ತ ಇಳೀತದ, ಕೂಸಿಗಿ ತ್ರಾಸ ಆಗ್ತದ. ಸ್ಲೈಡಿನ ಜಗಳ ಆಮ್ಯಾಲ" ಎಂದರು.

ತಸ್ಲೀಮಳ ಕಡೆಯೇ ಏನೋ ತಪ್ಪಾಗಿರಬೇಕು. ಸ್ಲೈಡ್ ವಾಪಸ್ ಕಳಿಸಲು ಹೇಳಿದ್ದೇನೆ. ನಮ್ಮ ಮೈಕ್ರೋಸ್ಕೋಪಿನ ಬಲ್ಬ್ ಬೇರೆ ಮಂದವಾಗಿದೆ. ಹೊಸದಕ್ಕೆ ಬರೆದು ಕಳಿಸಿದೆ, ಈ ವರ್ಷ ಮೂರನೆಯದು.

ನಿವೃತ್ತಿಗೆ ಇಪ್ಪತ್ತೇಳು ದಿನ.

4 ಸೆಪ್ಟೆಂಬರ್, ಬುಧವಾರ

ಸುಶ್ಮಿತಾಳ ಮನೆಗೆ ಬೀಗ. ಪ್ರಬುದ್ಧನ ಫೋನ್ ಬಂದ್. ಎದುರು ಮನೆಯ ಮುದುಕ ಸಾಯಬಣ್ಣ ಕಟ್ಟೆಯ ಮೇಲೆ ಕೂತಿದ್ದ.

"ಗಂಡ ಕಲ್ಲಿನ ಕೆಲಸಕ್ಕ ಹೋಗ್ಯಾನ, ಹೇಣ್ತಿ ತವರಿಗಿ ಹೋಗ್ಯಾಳ. ಚಂದಾಪುರದ ಹೊರಗ ಹೊಲದಾಗ ಮನಿ. ಅವ್ವ ಹಣಮವ್ವ ಅಂತ, ಸಂತ್ಯಾಗ ಕಾಯಿಪಲ್ಯ ಮಾರ್ತಾಳ."

"ಜ್ವರ ಬಿಟ್ಟಿತ್ತೇನು?"

"ಬಿಡ್ತದ, ಬರ್ತದ. ದಿನಾ ಬಿಟ್ಟ ದಿನಾ ಗಡಗಡ ನಡುಗ್ತಿತ್ತು ಹುಡುಗಿ. ದವಾಖಾನಿಗಿ ಹೋಗವಾ ಅಂದ್ರ, ಹೋಗಿ ಬಂದೀನಿ ಮುತ್ಯಾ, ಏನಿಲ್ಲ ಅಂದಾರ ಅಂತಿತ್ತು."

ದಿನ ಬಿಟ್ಟು ದಿನ ನಡುಕ, ಮಲೇರಿಯಾದ್ದೇ ಗುರುತು. ಆ ಮಾತಿಗೆ ಸ್ಲೈಡ್ ಬೇಕಾಗಿಲ್ಲ.

ಸಂಜೆ ಲ್ಯಾಬಿನಲ್ಲಿ ಒಬ್ಬನೇ ಕೂತಿದ್ದೆ. ಮೇಜಿನ ಮೇಲೆ ಸ್ಟೀಲಿನ ಡಬ್ಬಿ, ಒಳಗೆ ಹತ್ತು ಬಿಳಿಜೋಳದ ಕಾಳು. ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ದುಂಡನೆಯ ಜಾಗಕ್ಕೆ ಪುಸ್ತಕದಲ್ಲಿ 'ಕ್ಷೇತ್ರ' ಎಂದಿದೆ. ನಮಗೆ ಅದು ಖಾನಾ. ಇಮಾಮ್‌ಬೀ ಆಪಾ ಇಟ್ಟ ಹೆಸರು. ನೂರು ಖಾನಾ ನೋಡದೆ 'ಇಲ್ಲ' ಎಂದು ಬರೆಯಬಾರದು. ಹತ್ತು ಖಾನಾ ಆದರೆ ಒಂದು ಕಾಳು ಡಬ್ಬಿಯಿಂದ ಮುಚ್ಚಳಕ್ಕೆ. ಡಬ್ಬಿ ಬರಿದಾದರೆ ನೂರು.

1989ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಆಪಾ ಇಲ್ಲಿಯ ಹಿರಿಯ ಟೆಕ್ನಿಷಿಯನ್, ಎಲ್ಲರಿಗೂ ಅಕ್ಕ. ಆಗ ಬಲ್ಬಿನ ಮೈಕ್ರೋಸ್ಕೋಪ್ ಇರಲಿಲ್ಲ, ಕೆಳಗೊಂದು ಕನ್ನಡಿ ಅಷ್ಟೇ. ಎದುರಿನ ಸುಣ್ಣ ಬಳಿದ ಗೋಡೆಯಿಂದ ಬರುವ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಓದುತ್ತಿದ್ದೆವು. ಬೆಳಕು ಸರಿದಂತೆ ಮೇಜನ್ನೂ ಸರಿಸಬೇಕು. ಬೆಳಿಗ್ಗೆ ಬಾಗಿಲ ಬಳಿ ಇದ್ದ ಮೇಜು ಸಂಜೆಗೆ ಕಿಟಕಿಯ ಹತ್ತಿರ ಹೋಗಿರುತ್ತಿತ್ತು. ಮೋಡ ಬಂದರೆ ಆಪಾ ಕೈಕಟ್ಟಿ ಕೂತು, "ಸೂರಜ್ ರಜಾ ಹಾಕ್ಯಾನ, ನಾವೂ ಚಾ ಕುಡಿಯೂಣು" ಎನ್ನುತ್ತಿದ್ದರು. ಕಲ್ಲಿನ ಗಣಿಗಳಿಂದ ದಿನಕ್ಕೆ ಅರವತ್ತು ಸ್ಲೈಡ್ ಬರುತ್ತಿದ್ದ ಕಾಲ. ಈಗ ವಾರಕ್ಕೆ ಎಂಟು.

ಹೊಸ ಜೋಳ ಬಂದಾಗ ಪ್ರತಿ ವರ್ಷ ಹತ್ತೂ ಕಾಳು ಬದಲಿಸುತ್ತೇನೆ. ಅದೂ ಆಪಾ ಹಾಕಿಕೊಟ್ಟ ರೂಢಿ. 212ಕ್ಕೂ ಕಾಳು ಸರಿಸಿಯೇ ಎಣಿಸಿದ್ದೇನೆ. ಅದರಲ್ಲಿ ಅನುಮಾನವಿಲ್ಲ.

5 ಸೆಪ್ಟೆಂಬರ್, ಗುರುವಾರ

ಸುಶ್ಮಿತಾ ಸಿಕ್ಕಳು. ಮೊದಲ ದಿನದ ಮಾತ್ರೆ ನನ್ನ ಎದುರಿಗೇ ನುಂಗಿದಳು.

ಹೋಗುವಾಗ ಎರಡು ತಾಸು ಹಾಳಾಯಿತು. ಚಿತ್ತಾಪುರದಲ್ಲಿ ಸೇಡಂ ಬಸ್ ಎಂದು ಹತ್ತಿದ್ದು ಕಾಳಗಿ ಬಸ್. ಬೋರ್ಡಿಗೆ ಧೂಳು ಮೆತ್ತಿತ್ತು. "ಯಜಮಾನ್ರ, ಇದು ಗುಂಡಗುರ್ತಿ. ಸೇಡಂ ನಿಮ್ಮ ಬೆನ್ನ ಹಿಂದ ಉಳಿತು" ಎಂದು ಕಂಡಕ್ಟರ್ ನಕ್ಕ. ಕಾಳಗಿ ಮೇಲಿಂದ ಜೀಪು ಹಿಡಿದು ಚಿಂಚೋಳಿ, ಅಲ್ಲಿಂದ ಚಂದಾಪುರ. ಸಂತೆಯಲ್ಲಿ ಹಣಮವ್ವನ ಹೆಸರು ಹೇಳಿದ ಕೂಡಲೇ ತೋರಿಸಿದರು. ಬದನೆಕಾಯಿ ಬುಟ್ಟಿ ಪಕ್ಕದವಳಿಗೆ ಒಪ್ಪಿಸಿ ಎದ್ದು ಬಂದಳು.

ಸುಶ್ಮಿತಾ ಎರಡು ಕೌದಿ ಹೊದ್ದು ಗೋಡೆಗೆ ಒರಗಿದ್ದಳು. ಕಣ್ಣಿನ ರೆಪ್ಪೆ ಕೆಳಗೆ ಬೆಳ್ಳಗೆ. ನನ್ನನ್ನು ನೋಡಿ ಏಳಲು ಹೋದಳು.

"ಸರ್, ನೀವ್ಯಾಕ ಬಂದ್ರಿ ಇಲ್ಲಿತನಕ? ನನಗೇನಿಲ್ಲ ಅಂತ ನೀವೇ ಹೇಳಿದ್ರಲ್ರಿ."

ಆಗ ಹಣಮವ್ವ ಬಾಯಿ ತೆರೆದಳು. "ಇವ್ರೇನು ಏನಿಲ್ಲ ಅಂದವ್ರು? ದಿನಾ ಹೇಳೀನ್ರಿ ನಾ, ನಡಿ ಚಿಂಚೋಳಿಗಿ ಅಂತ. ನಿಮ್ಮ ಚೀಟಿ ತೋರಸ್ತಾಳ. ಸರ್ಕಾರದ ಮುದ್ರಿ ಅದ ಬೇ ಅಂತಾಳ. ಮುದ್ರಿಗಿ ಜ್ವರ ಹತ್ತಿರ್ತದೇನ್ರಿ?"

ತಾಯಿ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಡಚಿ ಇಟ್ಟಿದ್ದ ಚೀಟಿಯನ್ನು ಸುಶ್ಮಿತಾ ಹೊರತೆಗೆದಳು. 'ಮಲೇರಿಯಾ: ಇಲ್ಲ.' ಕೆಳಗೆ ನನ್ನ ಸಹಿ.

"ಆ ಚೀಟಿ ತಪ್ಪು ಅದವಾ" ಎಂದೆ. "ಮಲೇರಿಯಾ ಅದ. ಮಾತ್ರಿ ತಂದೀನಿ."

"ನನ್ನ ಕೂಸಿಗಿ?" ಎಂದಳು.

ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮೂರು ದಿನದ ಮಾತ್ರೆ ಬಸುರಿಯರು ತೆಗೆದುಕೊಳ್ಳಬಹುದು, ಊಟ ಮಾಡಿ ನುಂಗಬೇಕು, ನಾಳೆಯೇ ಚಿಂಚೋಳಿ ಆಸ್ಪತ್ರೆಯಲ್ಲಿ ರಕ್ತ ಮತ್ತು ಕೂಸಿನ ಎದೆಬಡಿತ ನೋಡಿಸಬೇಕು, ಜ್ವರ ಮರಳದಂತೆ ಕೊಡುವ ಇನ್ನೊಂದು ಮಾತ್ರೆ ಮಾತ್ರ ಹೆರಿಗೆ ಆಗುವವರೆಗೆ ಕೊಡುವಂತಿಲ್ಲ, ಆದ್ದರಿಂದ 14ನೇ ದಿನ ಮತ್ತು 28ನೇ ದಿನ ತಪ್ಪದೆ ಸ್ಲೈಡ್ ಮಾಡಿಸಬೇಕು ಎಂದು ಅವರು ಬಿಡಿಸಿ ಹೇಳಿದರು. ಹಣಮವ್ವ ಅರ್ಧ ರೊಟ್ಟಿ ತಿನ್ನಿಸಿದಳು. ನಾನು ಬೆರಳು ಚುಚ್ಚಿ ಜಿಲ್ಲಾ ಪ್ರಯೋಗಾಲಯಕ್ಕೆಂದು ಮತ್ತೊಂದು ಸ್ಲೈಡ್ ತೆಗೆದೆ.

"ಈ ಚೀಟಿ ಏನ್ ಮಾಡ್ಲಿರಿ?" ಎಂದಳು ಸುಶ್ಮಿತಾ.

ವಾಪಸ್ ಇಸಿದುಕೊಂಡೆ. ಈ ಪುಟದಲ್ಲಿ ಇಟ್ಟಿದ್ದೇನೆ.

ಹೊರಡುವಾಗ ಹಣಮವ್ವ ಚೀಲದಲ್ಲಿ ನಾಲ್ಕು ಬದನೆಕಾಯಿ ಹಾಕಿದಳು. ಬೇಡ ಎಂದೆ. "ತಪ್ಪಾಗ್ಯಾದ ಅಂತ ಹೇಳ್ಲಿಕ್ಕ ಇಷ್ಟ್ ದೂರ ಯಾರ್ ಬರ್ತಾರ್ರಿ? ಒಯ್ರಿ" ಎಂದಳು. ಆದರೆ ನಗಲಿಲ್ಲ.

ಸೇಡಂ ಮೇಲೆ ವಾಡಿಗೆ ಬಂದಾಗ ಎಂಟೂವರೆ.

6 ಸೆಪ್ಟೆಂಬರ್, ಶುಕ್ರವಾರ

ಚಿಂಚೋಳಿಯಿಂದ ಹಣಮವ್ವನ ಫೋನ್: ಕೂಸಿನ ಎದೆಬಡಿತ ಸರಿ ಇದೆ. ರಕ್ತದ ಪ್ರಮಾಣ ಏಳೂವರೆ, ಹನ್ನೊಂದಿರಬೇಕಿತ್ತು. ಎರಡನೇ ದಿನದ ಮಾತ್ರೆ ಆಯಿತು.

9 ಸೆಪ್ಟೆಂಬರ್, ಸೋಮವಾರ

212 ವಾಪಸ್ ಬಂದಿದೆ. ಹೊಸ ಬಲ್ಬ್ ಹಾಕಿಸಿ, ಎಣ್ಣೆಹನಿ ಬಿಟ್ಟು, ಕಾಳು ಸರಿಸುತ್ತ ನೂರು ಖಾನಾ ಓದಿದೆ. ಏನೂ ಇಲ್ಲ. ಬೇಕೆಂದೇ ಇನ್ನೂ ನೂರು ಓದಿದೆ. ಇಲ್ಲ.

ಪಕ್ಕದ ಮೇಜಿನ ಭಾಗ್ಯಜ್ಯೋತಿಯನ್ನು ಕರೆದೆ. ಎರಡು ವರ್ಷದ ಹಿಂದೆ ಬಂದ ಟೆಕ್ನಿಷಿಯನ್, ಸಕ್ಕರೆ ಕಾಯಿಲೆ ಮತ್ತು ರಕ್ತದ ಪ್ರಮಾಣ ನೋಡುವವಳು. ಮಲೇರಿಯಾ ಸ್ಲೈಡುಗಳನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅವಳು ಕೂತು ಮೂರನೆಯ ಖಾನಾಕ್ಕೆ ನಿಂತಳು.

"ಇಲ್ಲೇ ಅದರಿ ಸರ್. ನೀಲಿ ಉಂಗುರ, ಮ್ಯಾಲ ಕೆಂಪು ಚುಕ್ಕಿ. ನೋಡ್ರಿ, ಒಳಗಿನ ತೋರುಮುಳ್ಳಿನ ತುದಿಗೇ ನಿಂದರ್ಸೀನಿ."

ನೋಡಿದೆ. ಕಂಡಿತು ಎಂದೆ.

ತಪ್ಪು ಸ್ಲೈಡಿಗೆ ಹಾಕುವ ಬಣ್ಣದ್ದು, ಅದನ್ನು ಕಲೆಸುವ ನೀರಿನದು. ನೀಲಿ ಬಹಳ ಪೇಲವವಾಗಿ ಕೂತಿದೆ. ಈ ಸುಣ್ಣದಕಲ್ಲಿನ ನೆಲದ ನೀರು ರಕ್ತಲೇಪದ ಬಣ್ಣವನ್ನು ಕೆಡಿಸುತ್ತದೆಂದು ಆಪಾ ಕೊಳವೆಬಾವಿಯ ನೀರನ್ನು ಲ್ಯಾಬಿನೊಳಗೆ ಬಿಡುತ್ತಿರಲಿಲ್ಲ. ಮಿರ್ಗ, ಅಂದರೆ ಮೃಗಶಿರಾ ಮಳೆಯ ಎರಡನೇ ದಿನ ಮಾಳಿಗೆಯ ಮೇಲೆ ಪರಾತ ಇಟ್ಟು ನೀರು ಹಿಡಿದು, ಗಾಜಿನ ಬಾಟಲಿಗಳಲ್ಲಿ ತುಂಬಿ, ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದರು. ಆ ಬಾಟಲಿಗಳ ಸಾಲು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರ ಕಾಲದ ಸ್ಲೈಡುಗಳಲ್ಲಿ ನೀಲಿ ಎಂದರೆ ನೀಲಿ. ಈಗ ಶುದ್ಧನೀರಿನ ಕ್ಯಾನ್ ಬರುತ್ತದೆ. ಯಾವ ನೀರೋ ಏನೋ.

ಆಪಾ ಬಳಿ ಮಳೆನೀರು ಇರಬಹುದು. ಕೇಳಿ ತರಬೇಕು.

10 ಸೆಪ್ಟೆಂಬರ್, ಮಂಗಳವಾರ

ಹೆಂಡತಿ ನೀಲಾಬಾಯಿ ಹೊಸ ಸೀರೆ ಉಟ್ಟು ಹೇಗಿದೆ ಎಂದಳು. ಬೂದಿ ಬಣ್ಣ ನಿನಗೆ ಒಪ್ಪುತ್ತದೆ ಎಂದೆ.

"ಬೂದಿ? ನನ್ನ ಹೆಸರೇ ನೀಲಾಬಾಯಿ. ಮೂವತ್ತೊಂದು ವರ್ಷ ಸಂಸಾರ ಮಾಡಿ ನೀಲಿ ಯಾವ್ದು ಅಂತ ತಿಳೀವಲ್ದೇನು ನಿಮಗ?"

ಟ್ಯೂಬ್‌ಲೈಟಿನ ಬೆಳಕು. ಅದರ ಕೆಳಗೆ ಯಾವ ಬಣ್ಣವೂ ಸರಿ ಕಾಣುವುದಿಲ್ಲ. ಈ ವರ್ಷದ ಡೈರಿಯಲ್ಲಿ ಗೆರೆಗಳನ್ನೂ ತೆಳುವಾಗಿ ಅಚ್ಚು ಹಾಕಿದ್ದಾರೆ.

12 ಸೆಪ್ಟೆಂಬರ್, ಗುರುವಾರ

ಕೆಲಸ ಮುಗಿಸಿ ಇಮಾಮ್‌ಬೀ ಆಪಾ ಮನೆಗೆ ಹೋದೆ. ಎಂಬತ್ತು ದಾಟಿದೆ. ಮಂಡಿ ಹಿಡಿದಿದೆ, ಮಾತು ಹಿಡಿದಿಲ್ಲ.

"ಬಾ, ಕುಂದ್ರು. ರಿಟೈರ್ ಆಗೋ ಮೊದ್ಲೇ ಮುದುಕ ಆಗೀದಿ ನೋಡು."

ಎಲ್ಲ ಹೇಳಿದೆ. 212, ಸುಶ್ಮಿತಾ, ಚೀಟಿ, ಬದನೆಕಾಯಿ. ಹಣಮವ್ವ ಮುದ್ರೆಯ ಬಗ್ಗೆ ಆಡಿದ ಮಾತಿಗೆ ಆಪಾ ಜೋರಾಗಿ ನಕ್ಕರು. ಆಮೇಲೆ ಕೂಸು ಹೇಗಿದೆ ಎಂದು ಎರಡು ಸಲ ಕೇಳಿದರು.

"ಕಾಳು ಸರಿಸಿದ್ದಿಲ್ಲೋ?"

"ಹತ್ತೂ ಸರಿಸೀನ್ರಿ ಆಪಾ."

"ಸರಿಸಿರ್ತಿ. ಕಾಳಿಗೇನ್ ಕಾಣ್ತದ ಪಾಪ."

ನಾನು ನೀರಿನ ವಿಷಯ ತೆಗೆದೆ. ಕ್ಯಾನಿನ ನೀರು ಸರಿಯಿಲ್ಲ, ಯಾರೋ ಕೊಳವೆಬಾವಿಯ ನೀರನ್ನೇ ತುಂಬುತ್ತಿರಬೇಕು, ಬಣ್ಣ ಕೂರುವುದಿಲ್ಲ, ನೀಲಿ ಕಾಣುವುದೇ ಇಲ್ಲ, ಒಂದು ಬಾಟಲಿ ಮಳೆನೀರು ಇದ್ದರೆ ಕೊಡಿ ಎಂದೆ. ಆಪಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಏನಂದಿ? ನೀಲಿ ಹೆಚ್ಚಾಗ್ಯಾದೋ, ಕಮ್ಮಿ ಆಗ್ಯಾದೋ?"

"ಕಮ್ಮಿರಿ."

"ಧರ್ಮಣ್ಣ, ನಾ ಮಳೆನೀರು ಯಾಕ ಹಿಡೀತಿದ್ದೆ?"

"ನಮ್ಮ ಕಲ್ಲಿನ ನೀರು ಬಣ್ಣ ಕೆಡಸ್ತದಂತ."

"ಹ್ಯಾಂಗ ಕೆಡಸ್ತದ?"

ಹೇಳಲು ಬಾಯಿ ತೆರೆದಾಗ ಉತ್ತರ ನೆನಪಾಯಿತು. ಸುಣ್ಣದ ಅಂಶದ ನೀರು ಲೇಪವನ್ನು ವಿಪರೀತ ನೀಲಿ ಮಾಡುತ್ತದೆ. ಇಡೀ ಖಾನಾ ನೀಲಿಗಟ್ಟಿ ಕೆಂಪು ಚುಕ್ಕೆ ಅದರೊಳಗೆ ಮುಚ್ಚಿಹೋಗುತ್ತದೆ. 1989ರ ತರಬೇತಿ ಪರೀಕ್ಷೆಯಲ್ಲಿ ಇದೇ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

"ನಮ್ಮ ನೀರು ನೀಲಿ ಹೆಚ್ಚು ಮಾಡ್ತದ ಬೇಟಾ. ಕಮ್ಮಿ ಮಾಡಂಗಿಲ್ಲ" ಎಂದರು ಆಪಾ. "ನೀರಿಗಿ ಯಾಕ ಬೈತಿ?"

ಚಹಾ ಬಂತು. ಕಪ್ಪಿನ ಅಂಚಿನ ಹೂವು ಯಾವ ಬಣ್ಣ ಎಂದು ನಾನು ಕೇಳಲಿಲ್ಲ.

ಬಾಗಿಲವರೆಗೆ ಗೋಡೆ ಹಿಡಿದು ಬಂದರು. "ನನ್ನ ಕಣ್ಣಿಗೂ ಪೊರೆ ಬಂದಿತ್ತು. ತೆಗೆಸಿದ ಮರುದಿನ ಮನಿ ಗ್ವಾಡಿ ನೋಡಿ, ಯಾರವಾ ಇಷ್ಟ್ ನೀಲಿ ಬಳದಾರ ಅಂದೆ. ಹನ್ನೆರಡು ವರ್ಷದಿಂದ ಅದೇ ಬಣ್ಣ ಇತ್ತಂತ."

13 ಸೆಪ್ಟೆಂಬರ್, ಶುಕ್ರವಾರ

ಅರ್ಜಿ ಕೊಟ್ಟೆ. ಏಪ್ರಿಲ್‌ನಿಂದ ನಾನು ಓದಿ 'ಇಲ್ಲ' ಎಂದು ಬರೆದವುಗಳಲ್ಲಿ 131 ಸ್ಲೈಡ್ ಪೆಟ್ಟಿಗೆಯಲ್ಲಿ ಉಳಿದಿವೆ. ಎಲ್ಲವನ್ನೂ ಬೇರೆಯವರಿಂದ ಮತ್ತೆ ಓದಿಸಬೇಕು. ಕಾರಣ: ಓದಿದವನ ದೃಷ್ಟಿಯ ಬಗ್ಗೆ ಅನುಮಾನ.

ಡಾಕ್ಟರ್ ಎರಡು ಸಲ ಓದಿದರು. "ಹದಿನೇಳು ದಿನ ಉಳದಾವ ನಿಮಗ. ಹಾರ ಹಾಕ್ಕೊಂಡು ಹೋಗೋದ್ ಬಿಟ್ಟು ಇದೇನ್ರಿ? ಆ ಕೇಸು ಹೊರಗಿಂದ ಬಂದದ್ದಂತ ಬರದಾಗ್ಯಾದ. ನಿಮಗ್ಯಾರೂ ಕೇಳಂಗಿಲ್ಲ."

"ಆ 131ರಾಗ ಇನ್ನೊಬ್ಬಾಕಿ ಸುಶ್ಮಿತಾ ಇದ್ರ?"

ಡಾಕ್ಟರ್ ಸಹಿ ಹಾಕಿದರು. ಓದುವ ಕೆಲಸ ಭಾಗ್ಯಜ್ಯೋತಿಗೆ.

14 ಸೆಪ್ಟೆಂಬರ್, ಶನಿವಾರ

ಭಾಗ್ಯಜ್ಯೋತಿ ಮೊಬೈಲಿನಲ್ಲಿ ಗುಂಡಿ ಒತ್ತಿ ಖಾನಾ ಎಣಿಸುತ್ತಾಳೆ. ನಡುವೆ ಯಾರದೋ ಫೋನ್ ಬಂದು 47ಕ್ಕೇ ಲೆಕ್ಕ ಹೋಯಿತು. ನಾನು ಕಾಳಿನ ಡಬ್ಬಿಯನ್ನು ಅವಳ ಮೇಜಿನ ಮೇಲೆ ಇಟ್ಟೆ.

"ಇದೇನ್ರಿ ಸರ್, ಗುಬ್ಬಿಗಿ ಹಾಕ್ಲಿಕ್ಕೇನು?" ಎಂದಳು. ಮಧ್ಯಾಹ್ನದ ಹೊತ್ತಿಗೆ ಕಾಳು ಸರಿಸತೊಡಗಿದ್ದಳು.

19 ಸೆಪ್ಟೆಂಬರ್, ಗುರುವಾರ

14ನೇ ದಿನದ ಸ್ಲೈಡ್: ಇಲ್ಲ. ಓದಿದವಳು ಭಾಗ್ಯಜ್ಯೋತಿ.

ಸುಶ್ಮಿತಾ ಪ್ರಬುದ್ಧನೊಂದಿಗೆ ಬಂದಿದ್ದಳು. ಜ್ವರ ಬಂದಿಲ್ಲ. ರಕ್ತ ಎಂಟೂ ಮುಕ್ಕಾಲು. ಕೂಸು ಒದೆಯುತ್ತದಂತೆ. "ರಾತ್ರಿ ಪೂರಾ ಕಬಡ್ಡಿ ಆಡ್ತದ್ರಿ" ಎಂದ ಪ್ರಬುದ್ಧ. ಹೆಂಡತಿ ಮೊಳಕೈಯಿಂದ ತಿವಿದಳು.

ಚೀಟಿ ಕೈಗೆ ಕೊಟ್ಟಾಗ ಸುಶ್ಮಿತಾ ತಿರುವಿ ನೋಡಿದಳು. "ಸರ್, ಬೇಜಾರ್ ಮಾಡ್ಕೋಬ್ಯಾಡ್ರಿ. ಈ ಸಲ ಯಾರು ನೋಡ್ಯಾರ್ರಿ?"

ಭಾಗ್ಯಜ್ಯೋತಿಯನ್ನು ತೋರಿಸಿದೆ.

"ಹಂಗಾದ್ರ ಛಲೋ ಆತು" ಎಂದು ಚೀಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟಳು.

ಸರಿಯಾದ ಪ್ರಶ್ನೆ. ಚೀಟಿ ತೆಗೆದುಕೊಂಡು ಹೋಗುವ ಪ್ರತಿಯೊಬ್ಬರೂ ಕೇಳಬೇಕಾದದ್ದು.

24 ಸೆಪ್ಟೆಂಬರ್, ಮಂಗಳವಾರ

131 ಸ್ಲೈಡೂ ಮುಗಿದವು. ಅವುಗಳಲ್ಲಿ 129 'ಇಲ್ಲ'. ಉಳಿದ ಎರಡರಲ್ಲಿ ಲೇಪ ಎದ್ದುಹೋಗಿತ್ತು. ಆ ಇಬ್ಬರ ಮನೆಗೂ ಹೋಗಿ ಹೊಸ ರಕ್ತ ತೆಗೆದು ಓದಿಸಿದ್ದಾಯಿತು. ಅವೂ 'ಇಲ್ಲ'. ತಪ್ಪಿದ್ದು 212 ಒಂದೇ.

ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರನ್ನು ಕಂಡೆ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಹೆಚ್ಚು. ನಾನು ಮೈಕ್ರೋಸ್ಕೋಪಿಗೆ ಇಡುವುದು ಬಲಗಣ್ಣು. ನೀಲಾಬಾಯಿ ಹೊರಗೆ ಬಂದ ಮೇಲೆ, "ಪೊರೆ ತೆಗೆಸಿದ ಮ್ಯಾಲ ಮೊದ್ಲ ನನ್ನ ಸೀರಿ ನೋಡ್ಬೇಕು" ಎಂದಳು.

ಬಸ್ಸಿನ ಬೋರ್ಡನ್ನು ಅವಳೇ ಓದಿದಳು.

30 ಸೆಪ್ಟೆಂಬರ್, ಸೋಮವಾರ

ನಿವೃತ್ತಿ. ಹಾರ, ಶಾಲು, ಗೋಡೆ ಗಡಿಯಾರ. ಡಾಕ್ಟರ್ ಮಾತಾಡಿದರು. ಮೂವತ್ತೈದು ವರ್ಷದಲ್ಲಿ ಒಂದೂ ತಪ್ಪಿಲ್ಲ ಎನ್ನಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. ನನ್ನ ಸರದಿ ಬಂದಾಗ, ಒಂದು ತಪ್ಪಾಗಿದೆ, ನಂಬರ್ 212 ಎಂದು ನಾನೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಪಾ ಆಟೋದಲ್ಲಿ ಬಂದಿದ್ದರು. ಲ್ಯಾಬಿನೊಳಗೆ ಹೋಗಿ ನಿಂತು, ಮೊದಲು ಮೇಜು ಸರಿದಾಡುತ್ತಿದ್ದ ಜಾಗವನ್ನು ಕೋಲಿನಿಂದ ತೋರಿಸಿದರು. ನೆಲದ ಕಲ್ಲಿನ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ನಾಲ್ಕು ಗೀರು ಇನ್ನೂ ಇವೆ. ನಾನು ದಿನವೂ ಅದರ ಮೇಲೆಯೇ ಓಡಾಡಿದ್ದೇನೆ. ಭಾಗ್ಯಜ್ಯೋತಿ ಬಗ್ಗಿ ನೋಡಿದಳು. ಬಿಸಿಲಿನ ಕಾಲದ ಕಥೆಯನ್ನು ಆಪಾ ಅವಳಿಗೆ ಹೇಳಿದರು. ಸೂರಜ್ ರಜೆಯ ಮಾತು ಬಂದಾಗ ಮೂವರೂ ನಕ್ಕೆವು.

ಡಬ್ಬಿ ಅವಳ ಮೇಜಿನ ಮೇಲೆಯೇ ಇದೆ. ಹೊಸ ಜೋಳ ಬಂದಾಗ ಕಾಳು ಬದಲಿಸಬೇಕು ಎಂದು ಹೇಳಿದೆ. ಅವಳು ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು.

ಪುಟದ ನಡುವೆ ಇಟ್ಟಿದ್ದ ಹಳೆಯ ಚೀಟಿಯನ್ನು 212ರ ದಾಖಲೆಗೆ ಪಿನ್ ಮಾಡಿದೆ.

ಅಕ್ಟೋಬರ್ 3, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಸುಶ್ಮಿತಾಳ 28ನೇ ದಿನದ ಸ್ಲೈಡ್. ಓದುವವಳು ಭಾಗ್ಯಜ್ಯೋತಿ.